ಪೌಡರ್ ಆಮೇಲೆ, ಮೊದಲು ಆ ಬೆಲ್ಲ ಕಾಫಿಯ ಲೋಟ ಆಚೆ ಇಡಿ

ಹನ್ನೊಂದು ತಿಂಗಳ ಮಗಳು, 8ನೇ ತಿಂಗಳಿಂದ 7.2 ಕಿಲೋದಲ್ಲೇ ನಿಂತಿದ್ದಾಳೆ, ಗಂಜಿ ಕುಡಿಯುತ್ತಾಳೆ, ಬೆಲ್ಲ ಕಾಫಿಯಲ್ಲಿ ಅದ್ದಿದ ಒಟ್ಟಿ (ಅಕ್ಕಿ ರೊಟ್ಟಿ) ಅಂದ್ರೆ ಪ್ರಾಣ, ತೂಕ ಏರೋಕೆ ಯಾವ ಪೌಡರ್ ಕೊಡಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಕಾಫಿಯಲ್ಲಿ ಅದ್ದಿದ ಒಟ್ಟಿ ಅಂತ ಓದಿದ ಕೂಡಲೇ ಕೊಡಗಿನ ಸುಂಟಿಕೊಪ್ಪದ ಆಚೆಗಿನ ನಮ್ಮ ತೋಟದ ಮನೆಯ ಅಡುಗೆಮನೆ ಕಣ್ಣಿಗೆ ಬಂತು.

ಬಸುರಿಯಲ್ಲಿ ಏಳನೇ ತಿಂಗಳಿಗೆ ನನ್ನ ಹಿಮೋಗ್ಲೋಬಿನ್ 9.2. ಇರಬೇಕಾದ್ದು ಕನಿಷ್ಠ 11. ದಿನಕ್ಕೆ ಎರಡು ಕಬ್ಬಿಣದ ಕೆಂಪು ಮಾತ್ರೆ ಬರೆದರು. ಒಂದು ದಿನವೂ ತಪ್ಪಿಸಲಿಲ್ಲ. ಐದು ವಾರ ಕಳೆದು ನೋಡಿದರೆ 9.3. ಮಾತ್ರೆ ಎಸೀತಿದ್ದೀರಾ ಅಂತ ಬೈಸಿಕೊಂಡದ್ದೂ ಆಯ್ತು. ಕೊನೆಗೆ ಒಬ್ಬರು ನರ್ಸ್ ಕೇಳಿದರು: "ಯಾವುದರಲ್ಲಿ ನುಂಗ್ತೀರಿ?"

ಬೆಲ್ಲ ಕಾಫಿಯಲ್ಲಿ. ಬೆಳಿಗ್ಗೆ ಆರಕ್ಕೆ, ಒಟ್ಟಿ ಜೊತೆ, ದೊಡ್ಡ ಸ್ಟೀಲ್ ಲೋಟದಲ್ಲಿ. ಬೆಲ್ಲದಲ್ಲೂ ಕಬ್ಬಿಣ ಇದೆಯಲ್ಲ, ಒಂದಕ್ಕೆ ಎರಡು ಲಾಭ ಅನ್ನೋದು ನನ್ನ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪಿತು ಅಂತ ಸ್ವಲ್ಪ ಎಳೆದೇ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಇದೇ ನಡೀತಿದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ. ಲೋಟಕ್ಕೆ ಬೀಳುವ ಬೆಲ್ಲದ ಚೂರಿನಲ್ಲಿ ಒಂದು ಮಿಲಿಗ್ರಾಂ ಮುಟ್ಟೋದೂ ಕಷ್ಟ. ಆ ಚೂರನ್ನು ನಂಬಿ ಈ 60ನ್ನು ಹಾಳು ಮಾಡ್ತಿದ್ದೆ. ಕಾಫಿ, ಚಹಾದ ಒಗರು ಪದಾರ್ಥಗಳು ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕ್ತವೆ, ಕಟ್ಟಿಕೊಂಡದ್ದು ಕರುಳಿನ ಗೋಡೆ ದಾಟದೆ ಹಾಗೇ ಹೊರಗೆ ಹೋಗ್ತದೆ. ಕಣ್ಣಾರೆ ನೋಡಬೇಕಾ? ಹಾಲಿಲ್ಲದ ಚಹಾಕ್ಕೆ ಒಂದು ಕಬ್ಬಿಣದ ಮಾತ್ರೆ ಪುಡಿ ಮಾಡಿ ಹಾಕಿ. ಹೊಂಬಣ್ಣದ ಚಹಾ ಬರೆಯುವ ಶಾಯಿ ಥರ ಕಪ್ಪಾಗ್ತದೆ. ನನ್ನ ಹೊಟ್ಟೆಯಲ್ಲಿ ದಿನಾ ತಯಾರಾಗ್ತಿದ್ದದ್ದು ಅದೇ ಶಾಯಿ.

1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರಿಕೆ 39% ಇಳಿಯಿತು, ಚಹಾ ಕುಡಿದವರಲ್ಲಿ 64%. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದಾಗಲೂ ಜೊತೆಗೆ ಕುಡಿದಷ್ಟೇ ನಷ್ಟ. ಅಂದ್ರೆ ಕಾಫಿ ಬಿಡಬೇಕಾಗಿಲ್ಲ, ಸಮಯ ಬದಲಾಯಿಸಬೇಕು. ಬಸುರಿ ಹೆಂಗಸು ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸೋದು ಒಳ್ಳೇದು, ಅದು ಬೇರೆ ಮಾತು. ನಾನು ಮಾತ್ರೆಯನ್ನು ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು, ಅರ್ಧ ನಿಂಬೆಹಣ್ಣು ಹಿಂಡಿದ ನೀರಲ್ಲಿ ನುಂಗತೊಡಗಿದೆ. ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಕ್ಕೆ ಅಡ್ಡ ಬರ್ತದೆ, ಹಾಗಾಗಿ ಅದನ್ನು ಬೆಳಿಗ್ಗೆ, ಮಧ್ಯಾಹ್ನದ ಊಟಕ್ಕೆ ಹಾಕಿದೆ. ಹೆರಿಗೆ ಹೊತ್ತಿಗೆ 10.6 ಆಯ್ತು. ಮಲ ಕಪ್ಪಾಗ್ತದೆ, ಹೆದರಬೇಡಿ.

ಆದರೆ ತಡವಾಗಿತ್ತು. ಮಗು ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣ ಕೂಡಿಟ್ಟುಕೊಳ್ಳೋದು ಗರ್ಭದ ಕೊನೇ ಮೂರು ತಿಂಗಳಲ್ಲಿ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ, ತಾಯಿ ಎಷ್ಟು ಮಾತ್ರೆ ನುಂಗಿದರೂ ಅದು ಅಷ್ಟಾಗಿ ಏರೋದಿಲ್ಲ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಊಟವೂ ಶುರುವಾಗಬೇಕು ಅನ್ನೋದಕ್ಕೆ ಇದೂ ಒಂದು ಕಾರಣ. ಆಗ ನಾನು ಮಾಡಿದ್ದೇನು? ಅದೇ ಕಾಫಿ, ಅದೇ ಒಟ್ಟಿ, ಈ ಸಲ ಮಗನ ಬಾಯಿಗೆ. ವರ್ಷಕ್ಕೆ ಅವನ ಹಿಮೋಗ್ಲೋಬಿನ್ 8.6.

ಈಗ ನಿಮ್ಮ ಮಗಳು. 7.2 ಕಿಲೋ ಅಂದ್ರೆ ತಾಯಿ ಕಾರ್ಡಿನ ಚಾರ್ಟಿನಲ್ಲಿ ಇನ್ನೂ ಹಸಿರು ಪಟ್ಟಿಯಲ್ಲೇ ಇದ್ದಾಳೆ. ಹಸಿರಲ್ಲಿದ್ದಾಳಲ್ಲ ಅಂತ ಯಾರಾದರೂ ಸಮಾಧಾನ ಹೇಳಿದರೆ ಕೇಳಬೇಡಿ. ನೋಡಬೇಕಾದ್ದು ಗೆರೆ ಏರ್ತಿದೆಯಾ ಅಂತ. ಈ ವಯಸ್ಸಿಗೆ ತಿಂಗಳಿಗೆ ಸುಮಾರು 200 ಗ್ರಾಂ ಬರಬೇಕು, ಮೂರು ತಿಂಗಳು ಗೆರೆ ಮಲಗಿದೆ ಅಂದ್ರೆ ಊಟ ಸಾಲ್ತಿಲ್ಲ ಅಥವಾ ಒಳಗೆ ಏನೋ ಕಾಯಿಲೆ ಇದೆ. ಮಕ್ಕಳ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕಡಿಮೆ ಇದ್ದರೆ ಔಷಧದ ಅಳತೆಯನ್ನು ತೂಕದ ಮೇಲೆ ಅವರೇ ಹೇಳ್ತಾರೆ. ಆಶಾ ಕಾರ್ಯಕರ್ತೆ ಕೊಡುವ ಸಿರಪ್ (ವಾರಕ್ಕೆ ಎರಡು ಸಲ, 1 ಮಿಲಿ) ರಕ್ತ ಇಳಿಯದಂತೆ ಕಾಯೋಕೆ, ಇಳಿದದ್ದನ್ನು ಏರಿಸೋಕೆ ಅದು ಸಾಲದು. ಮತ್ತೆ, ನಿಮ್ಮ ಕೆಂಪು ಮಾತ್ರೆಯ ಪಟ್ಟಿಯನ್ನು ಮಗುವಿನ ಕೈಗೆ ಸಿಗದ ಹಾಗೆ ಮೇಲಿಡಿ. ಮಿಠಾಯಿ ಅಂತ ನಾಲ್ಕೈದು ನುಂಗಿದರೂ ಸಣ್ಣ ಮಗುವಿಗೆ ಅದು ವಿಷ.

ಇನ್ನು ಗಂಜಿ. ನೀವು ಬರೆದ ಅಳತೆ ಎರಡು ಸಣ್ಣ ಚಮಚ ರಾಗಿ ಹಿಟ್ಟು, ಒಂದು ಲೋಟ ನೀರು. 10 ಗ್ರಾಂ ಹಿಟ್ಟಿನಲ್ಲಿ 33 ಕ್ಯಾಲೊರಿ. 9ರಿಂದ 11 ತಿಂಗಳ ಮಗುವಿಗೆ ಎದೆಹಾಲು ಬಿಟ್ಟು ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು, ಅವಳ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯೋದು 200 ಮಿಲಿ ಚಿಲ್ಲರೆ. ನೀವು ಹೊಟ್ಟೆ ತುಂಬಿಸ್ತಿದ್ದೀರಿ, ಆದರೆ ನೀರಿನಿಂದ.

ಹೀಗೆ ಮಾಡಿ. ರಾಗಿ 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿ ಮೊಳಕೆ ಬರಿಸಿ. ನಮ್ಮ ಮಳೆಗಾಲದಲ್ಲಿ ಕೆಡೋದು ಇಲ್ಲೇ, ಒಣಗೋದಿಲ್ಲ, ಎರಡನೇ ದಿನಕ್ಕೆ ಬೂಸಲು. ತೆಳ್ಳಗೆ ಹರಡಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ಮುಗ್ಗಲು ವಾಸನೆ ಬಂದರೆ ಪೂರ್ತಿ ಎಸೆಯಿರಿ, ತೊಳೆದು ಉಳಿಸೋಕೆ ಹೋಗಬೇಡಿ. ಒಣಗಿದ್ದನ್ನು ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಬೀಸಿ, ಕಪ್ಪಗೆ ಹುರಿದರೆ ಮೊಳಕೆಯ ಗುಣ ಸತ್ತುಹೋಗ್ತದೆ.

ಒಂದು ಊಟಕ್ಕೆ ಮಾಮೂಲಿ ರಾಗಿ ಹಿಟ್ಟು 25 ಗ್ರಾಂ, ಹುರಿದ ಹೆಸರುಕಾಳಿನ ಹಿಟ್ಟು 10 ಗ್ರಾಂ, ನೀರು 200 ಮಿಲಿ. ಗಟ್ಟಿ ಅಂಬಲಿ ಹಾಗೆ ಬೇಯಿಸಿ ಇಳಿಸಿ. ಬೆರಳು ತಾಗಿಸಿದರೆ ಬಿಸಿ ತಡೆಯುವಷ್ಟು ಆರಿದ ಮೇಲೆ ಮೊಳಕೆ ಹಿಟ್ಟು ಒಂದು ಸಣ್ಣ ಚಮಚ ಹಾಕಿ ತಿರುವಿ. ಕುದಿಯುವಾಗ ಹಾಕಿದರೆ ಕೆಲಸ ಮಾಡೋದಿಲ್ಲ. ಕೆಲವೇ ನಿಮಿಷದಲ್ಲಿ ಮುದ್ದೆಯಾಗಿದ್ದದ್ದು ನೀರು ಹಾಕದೆಯೇ ಸಡಿಲವಾಗಿ ಚಮಚದಿಂದ ಜಾರ್ತದೆ. ಮತ್ತೊಂದು ಕುದಿ ಬರಿಸಿ, ತುಪ್ಪ ಒಂದು ಚಮಚ, ಬೆಲ್ಲ ಸ್ವಲ್ಪ. ಅದೇ ಲೋಟದಲ್ಲಿ ಈಗ 180 ಕ್ಯಾಲೊರಿ. ಇದು ದಿನಕ್ಕೆ ಒಂದು ಸಲ ಸಾಕು. ಉಳಿದ ಎರಡು-ಮೂರು ಊಟ ನೀವು ಉಣ್ಣುವುದರಿಂದಲೇ ಬರಲಿ.

ಹಂದಿ ಮಾಂಸ ತಿನ್ನುವ ಮನೆಯಾದರೆ ಕಾರದ ಹುಡಿ, ಕಾಚಂಪುಳಿ (ನಮ್ಮ ಕಪ್ಪು ಹುಳಿ) ಹಾಕುವ ಮುಂಚೆ ಅವಳ ಪಾಲು ಎರಡು ತುಂಡು ತೆಗೆದಿಟ್ಟು, ಬೆರಳಲ್ಲಿ ಒತ್ತಿದರೆ ಎಳೆಎಳೆಯಾಗಿ ಬಿಡುವ ತನಕ ಬೇಯಿಸಿ, ನುಣ್ಣಗೆ ಅರೆದು ಮೆತ್ತಗಿನ ಅನ್ನಕ್ಕೆ ಕಲಸಿ. ಅರೆಬೆಂದ ಹಂದಿ ಮಾಂಸ ಮಾತ್ರ ಬೇಡ, ಲಾಡಿಹುಳದ ಭಯ. ಮಾಂಸದ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ, ಮಾಂಸ ಜೊತೆಗಿರುವ ಸೊಪ್ಪು-ಕಾಳಿನ ಕಬ್ಬಿಣವೂ ಮೈಗೆ ಹತ್ತೋಕೆ ನೆರವಾಗ್ತದೆ. ಹಂದಿ ಆಗದಿದ್ದರೆ ಕೋಳಿ, ಮುಳ್ಳು ಬಿಡಿಸಿದ ಮತ್ತಿ ಮೀನು. ಅದೂ ಆಗದಿದ್ದರೆ ಬೇಳೆ-ಸೊಪ್ಪಿಗೆ ನಿಂಬೆ ಹಿಂಡಿ, ಕಿತ್ತಳೆ ಸಿಕ್ಕಾಗ ಎರಡು ತೊಳೆ. ಪೌಡರ್ ಡಬ್ಬಿಯ ದುಡ್ಡಿಗೆ ಎರಡು-ಮೂರು ಡಜನ್ ಮೊಟ್ಟೆ ಬರ್ತದೆ, ಎಷ್ಟೋ ಡಬ್ಬಿಯಲ್ಲಿ ಸಕ್ಕರೆಯೂ ಸಾಕಷ್ಟು ಬರ್ತದೆ.

ಕೊಡಗಿನ ಜೇನು ಒಳ್ಳೇದು ಅಂತ ಅಜ್ಜಿಯಂದಿರು ನೆಕ್ಕಿಸೋಕೆ ಬರ್ತಾರೆ. ವರ್ಷ ತುಂಬುವ ತನಕ ಒಂದು ಹನಿಯೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಕರುಳಲ್ಲಿ ಬೆಳೆದು ವಿಷ ಬಿಡ್ತದೆ. ವರ್ಷವಾದ ಮೇಲೂ ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ, ಹೆಚ್ಚು ಹಾಲು ಕುಡಿದ ಮಗು ಊಟ ಬಿಡ್ತದೆ, ರಕ್ತವೂ ಇಳೀತದೆ.

ಒಟ್ಟಿ ಕೊಡಿ, ತುಪ್ಪ ಸವರಿ, ಸಾರಿನಲ್ಲಿ ಅದ್ದಿ. ಮೂರು ದಿನ ಅಳ್ತಾಳೆ, ನಾಲ್ಕನೇ ದಿನ ತಿಂತಾಳೆ. ನಮ್ಮವನು ಐದು ದಿನ ತೆಗೆದುಕೊಂಡ. ಮುಂದಿನ ತಿಂಗಳು ಅಂಗನವಾಡಿಗೆ ಹೋದಾಗ ಚಳಿ ಅಂತ ಸ್ವೆಟರ್, ಟೋಪಿ ಸಮೇತ ತಕ್ಕಡಿಗೆ ಹಾಕಬೇಡಿ. ಒದ್ದೆ ಸ್ವೆಟರ್ ಒಂದೇ 200 ಗ್ರಾಂ ತೂಗ್ತದೆ, ಅವಳು ಒಂದು ತಿಂಗಳಲ್ಲಿ ಏರಬೇಕಾದ್ದೂ ಅಷ್ಟೇ.