ಇಂಟೀರಿಯರ್ ಡಿಸೈನ್ ಮಾಸ್ಟರ್ಸ್‌ಗೆ ಹೊರಡುವ ಮುಂಚೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉಡುಪಿಯಲ್ಲಿ ಮೂರು ವರ್ಷದ ಬಿ.ಎಸ್ಸಿ. ಇಂಟೀರಿಯರ್ ಡಿಸೈನ್ ಮುಗಿಸಿ, ಕುಂಜಿಬೆಟ್ಟಿನ ಒಂದು ಸಣ್ಣ ಆಫೀಸಿನಲ್ಲಿ ಎರಡು ವರ್ಷ ದುಡಿದಿದ್ದೀರಿ. ಈಗ ಅಮೆರಿಕದ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿದೆ. ಒಂದು ಎರಡು ವರ್ಷದ ಎಂ.ಎ., ಇನ್ನೊಂದು ಮೂರು ವರ್ಷದ ಮಾಸ್ಟರ್ಸ್. ಯಾವುದಕ್ಕೆ ಸೇರಲಿ, ಊರಿನ ಡಿಗ್ರಿಗೆ ಅಲ್ಲಿ ಬೆಲೆ ಇದೆಯಾ, ಬದುಕು ಹೇಗೆ ಅಂತ ಕೇಳಿದ್ದೀರಿ.

ನಾನು ಮಂಗಳೂರು ಉರ್ವದವಳು. 2010ರಲ್ಲಿ ಮದುವೆಯಾಗಿ ಡಲ್ಲಾಸ್‌ಗೆ ಹೋದೆ. ಈಗ ಅಲ್ಲಿ ಆಸ್ಪತ್ರೆಗಳ ಒಳಾಂಗಣ ಮಾಡುತ್ತೇನೆ. ಸದ್ಯ ರಜೆಯಲ್ಲಿ ಅಮ್ಮನ ಮನೆಯಲ್ಲಿದ್ದೇನೆ. ಹೊರಗೆ ಮಳೆ ಬಿಡುತ್ತಿಲ್ಲ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳಲು 1972ರ ಕಾಯ್ದೆ ಇದೆ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ಇರಬೇಕು. ಇಂಟೀರಿಯರ್ ಡಿಸೈನರ್ ಅಂತ ಬೋರ್ಡು ಹಾಕಲು ಅಂಥದ್ದೇನೂ ಬೇಡ. ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನಿರುವ ಟೆಕ್ಸಸ್‌ನಲ್ಲಿ ಯಾರು ಬೇಕಾದರೂ ಮನೆಯ ಒಳಾಂಗಣ ಮಾಡಬಹುದು. ಆದರೆ 'ರಿಜಿಸ್ಟರ್ಡ್ ಇಂಟೀರಿಯರ್ ಡಿಸೈನರ್' ಎಂದು ಕರೆದುಕೊಳ್ಳಲು ರಾಜ್ಯದ ಆರ್ಕಿಟೆಕ್ಚರ್ ಮಂಡಳಿಯಲ್ಲಿ ನೋಂದಣಿ ಬೇಕು. ಅದಕ್ಕೆ ಎನ್‌ಸಿಐಡಿಕ್ಯೂ ಎಂಬ, ಒಳಾಂಗಣ ಮಾಡುವವರ ಅರ್ಹತೆ ನೋಡುವ ಪರೀಕ್ಷೆ ಪಾಸಾಗಿರಬೇಕು. ಕೆನಡಾದ ಒಂಟಾರಿಯೋದಲ್ಲಂತೂ 'ಇಂಟೀರಿಯರ್ ಡಿಸೈನರ್' ಎಂಬ ಹೆಸರಿಗೇ ಕಾನೂನಿನ ಬೇಲಿ ಇದೆ. ಮನೆಗಳನ್ನಷ್ಟೇ ಮಾಡುವವರು ಈ ಪರೀಕ್ಷೆ ಇಲ್ಲದೆಯೂ ಚೆನ್ನಾಗಿ ಬದುಕುತ್ತಾರೆ. ಆಸ್ಪತ್ರೆ, ಶಾಲೆ, ದೊಡ್ಡ ಆಫೀಸು ಅಂತ ಹೋದರೆ ಅದಿಲ್ಲದೆ ಒಂದು ಮಟ್ಟಕ್ಕಿಂತ ಮೇಲೆ ಏರುವುದು ಕಷ್ಟ.

ಪರೀಕ್ಷೆಗೆ ಕೂರಲು ಓದೂ ಬೇಕು, ಕೆಲಸದ ಗಂಟೆಗಳೂ ಬೇಕು. ಡಿಗ್ರಿಯಲ್ಲಿ ಒಳಾಂಗಣಕ್ಕೆ ಸಂಬಂಧಿಸಿದ ಪಾಠಗಳೇ ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್ ಇರಬೇಕು. ಮೇಲೆ 3,520 ಗಂಟೆ ಕೆಲಸ. ಯಾರ ಕೈಕೆಳಗೆ ಮಾಡಿದಿರಿ ಎನ್ನುವುದನ್ನೂ ನೋಡುತ್ತಾರೆ. ಇಲ್ಲೇ ನಿಮ್ಮ ಎರಡು ಸೀಟುಗಳ ವ್ಯತ್ಯಾಸ ಇರುವುದು. ಸಿಡಾ ಎಂಬ ಸಂಸ್ಥೆ ಅಲ್ಲಿನ ಒಳಾಂಗಣ ಕೋರ್ಸುಗಳನ್ನು ತೂಗಿ ನೋಡಿ ಮಾನ್ಯತೆ ಕೊಡುತ್ತದೆ. ಅದು ಕೊಡುವುದು ಬ್ಯಾಚುಲರ್ ಡಿಗ್ರಿಗೆ ಮತ್ತು 'ಫಸ್ಟ್ ಪ್ರೊಫೆಷನಲ್' ಮಾಸ್ಟರ್ಸ್‌ಗೆ, ಅಂದರೆ ಈ ವೃತ್ತಿಯನ್ನು ತಳದಿಂದ ಕಲಿಸುವ ಮಾಸ್ಟರ್ಸ್‌ಗೆ. ಮೊದಲೇ ಡಿಸೈನ್ ಓದಿದವರು ಸಂಶೋಧನೆಗೆಂದು ಸೇರುವ ಎರಡು ವರ್ಷದ ಎಂ.ಎ. ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಅದು ಕಳಪೆ ಅಂತ ಅರ್ಥ ಅಲ್ಲ. ಆದರೆ ಸಿಡಾ ಡಿಗ್ರಿ ಇದ್ದರೆ ಕ್ರೆಡಿಟ್ಟಿನ ಲೆಕ್ಕ ಆಗಲೇ ಮುಗಿದಿರುತ್ತದೆ. ಇಲ್ಲದಿದ್ದರೆ ಒಂದೊಂದು ಪಾಠವನ್ನೂ ನೀವೇ ಎತ್ತಿ ತೋರಿಸಬೇಕು. ನಮ್ಮ ಮೂರು ವರ್ಷದ ಡಿಗ್ರಿಯನ್ನು ಅಲ್ಲಿನ ನಾಲ್ಕು ವರ್ಷದ್ದಕ್ಕೆ ಸಮ ಅಂತ ಎಲ್ಲರೂ ಒಪ್ಪುವುದಿಲ್ಲ, ಅದೂ ಸೇರಿಕೊಳ್ಳುತ್ತದೆ. ಹಾಗಾಗಿ ನನ್ನನ್ನು ಕೇಳಿದರೆ ಮೂರು ವರ್ಷದ್ದು ಸಿಡಾ ಮಾನ್ಯತೆ ಪಡೆದಿದ್ದರೆ ಅದಕ್ಕೇ ಸೇರಿ. ಮಾನ್ಯತೆ ಇದೆಯಾ ಅಂತ ಕಾಲೇಜಿನ ಜಾಹೀರಾತು ನಂಬಬೇಡಿ, ಸಿಡಾದ ಪಟ್ಟಿಯಲ್ಲೇ ನೋಡಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವಳು. ಹೋದ ಮರುವರ್ಷ ಮನೆಯಲ್ಲಿ ಕೂತು ಬೇಸರ ಬಂದಿತ್ತು. ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಬಹುದಿತ್ತು, ಕೆಲಸ ಮಾಡುವಂತಿರಲಿಲ್ಲ. 'ಸರ್ಟಿಫೈಡ್ ಇಂಟೀರಿಯರ್ ಡಿಸೈನರ್ ಆಗಿ' ಎಂಬ ಒಂದು ಆನ್‌ಲೈನ್ ಕೋರ್ಸು ಕಂಡಿತು. ಎಂಟು ತಿಂಗಳು ಕಷ್ಟಪಟ್ಟು ಮುಗಿಸಿದೆ. ಆಮೇಲೆ ಕಾಲೇಜಿಗೆ ಹೋಗಿ ತೋರಿಸಿದಾಗ ಅಲ್ಲಿನವರು ಸಮಾಧಾನದಿಂದಲೇ ಹೇಳಿದರು, ಇದಕ್ಕೆ ಒಂದು ಕ್ರೆಡಿಟ್ಟೂ ಸಿಗುವುದಿಲ್ಲ ಅಂತ. ಆ ದಿನ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಅತ್ತಿದ್ದೆ. ಮತ್ತೆ 2012ರಲ್ಲಿ ಮೊದಲಿನಿಂದ ಶುರು ಮಾಡಿ ಮೂರು ವರ್ಷದ ಮಾಸ್ಟರ್ಸ್ ಮಾಡಿದೆ. 2015ರ ಮೇ ತಿಂಗಳಲ್ಲಿ ಕೆಲವು ಎಚ್-4ನವರಿಗೆ ಕೆಲಸದ ಅನುಮತಿ ಕೊಡುವ ನಿಯಮ ಬಂತು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಅದಕ್ಕೆ ಬೇಕಾದ ಹಂತ ದಾಟಿತ್ತು, ನನಗೂ ಸಿಕ್ಕಿತು.

ನಿಮಗೆ ಆ ದಾರಿ ಇಲ್ಲ. ನೀವು ಹೋಗುವುದು ಎಫ್-1ನಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ. ಇದನ್ನು ಅಪ್ಪ ಅಮ್ಮನ ಜೊತೆ ಕೂತು, ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಲೆಕ್ಕ ಮಾಡಿ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸಕ್ಕೆ ಅವಕಾಶ. ಕಂಪ್ಯೂಟರ್ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ, ಯಾಕೆಂದರೆ ಅವರದ್ದು ಸ್ಟೆಮ್ ಪಟ್ಟಿಯಲ್ಲಿದೆ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿ. ಇಂಟೀರಿಯರ್ ಡಿಸೈನ್ ಆ ಪಟ್ಟಿಯಲ್ಲಿ ಇಲ್ಲ. ವಾರಕ್ಕೆ 40 ಗಂಟೆಯಂತೆ 52 ವಾರ ಬಿಡದೆ ದುಡಿದರೂ 2,080 ಗಂಟೆ. ಬೇಕಾಗಿರುವುದು 3,520. ಇನ್ನೂ 1,440 ಎಲ್ಲಿಂದ ತರುತ್ತೀರಿ? ಓದುವಾಗಲೇ 1,760 ಗಂಟೆವರೆಗೆ ಸೇರಿಸಿಕೊಳ್ಳಬಹುದು ಎಂಬ ನಿಯಮ ಇದೆ. ಹಾಗಾಗಿ ಬೇಸಿಗೆ ಇಂಟರ್ನ್‌ಶಿಪ್ ನಿಮಗೆ ಅನಿವಾರ್ಯ. ಸೇರುವ ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಪಾಠದ ಭಾಗವಾಗಿದೆಯಾ, ಅದಕ್ಕೆ ವಿದೇಶಿ ವಿದ್ಯಾರ್ಥಿಗಳಿಗೆ ಅನುಮತಿ ಕೊಡಿಸುತ್ತಾರಾ ಅಂತ ಇವತ್ತೇ ಮೇಲ್ ಮಾಡಿ ಕೇಳಿ. ಒಪಿಟಿ ಆದಮೇಲೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಲಾಟರಿ. ಅದು ಯಾರ ಕೈಯಲ್ಲೂ ಇಲ್ಲ. ವಾಪಸ್ ಬರಬೇಕಾದರೆ ಊರಿನ ಸಂಬಳದಲ್ಲಿ ಈ ಸಾಲ ತೀರುತ್ತದಾ ಎಂಬ ಪ್ರಶ್ನೆಗೆ ಮನೆಯವರ ಬಳಿ ಉತ್ತರ ಇರಬೇಕು.

ಪರೀಕ್ಷೆ ಕೇಳುವುದು ಬಣ್ಣ, ಪರದೆಯ ವಿಷಯ ಅಲ್ಲ. ನನ್ನ ಕಾಲದಲ್ಲಿ ಮೂರು ಭಾಗ ಇತ್ತು, 2018ರಲ್ಲಿ ಕೊನೆಯದ್ದು ಪಾಸಾದೆ. ಬೆಂಕಿ ಬಿದ್ದರೆ ಜನ ಯಾವ ದಾರಿಯಲ್ಲಿ ಹೊರಗೆ ಹೋಗುತ್ತಾರೆ, ಗೋಡೆಗೆ ಹಾಕಿದ ಬಟ್ಟೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಗಾಲಿಕುರ್ಚಿ ತಿರುಗಲು ಜಾಗ ಇದೆಯಾ, ಇಂಥದ್ದೇ ಜಾಸ್ತಿ. ಕಿನ್ನಿಗೋಳಿಯ ಅಜ್ಜಿಮನೆಯಲ್ಲಿ ಚಾವಡಿಗೆ ಹೋಗಲು ಎತ್ತರದ ಹೊಸ್ತಿಲು ದಾಟಬೇಕು. ಸೊಂಟ ಮುರಿದ ಮೇಲೆ ಅಜ್ಜಿ ಕೊನೆಯ ನಾಲ್ಕು ವರ್ಷ ಅದನ್ನು ದಾಟಲಿಲ್ಲ, ಒಳಕೋಣೆಯಲ್ಲೇ ಉಳಿದರು. ಅಮೆರಿಕದಲ್ಲಿ ಹೊಸ ಸಾರ್ವಜನಿಕ ಕಟ್ಟಡದ ಹೊಸ್ತಿಲು ಅರ್ಧ ಇಂಚಿಗಿಂತ ಎತ್ತರ ಇರುವಂತಿಲ್ಲ, ಬಾಗಿಲು ತೆರೆದಾಗ 32 ಇಂಚು ದಾರಿ ಇರಬೇಕು, ಗಾಲಿಕುರ್ಚಿ ತಿರುಗಲು 60 ಇಂಚಿನ ವೃತ್ತ. ಮೊದಲ ಸಲ ಇದನ್ನು ಪಾಠದಲ್ಲಿ ಓದಿದಾಗ ನನಗೆ ಅಜ್ಜಿಯೇ ಕಣ್ಣಮುಂದೆ ಬಂದರು. ಆವತ್ತಿನಿಂದ ಈ ಕೆಲಸದ ಮೇಲೆ ನನಗಿದ್ದ ಪ್ರೀತಿ ಬೇರೆಯೇ ಆಯಿತು.

ಕೆಲಸದ ರೀತಿಯೂ ಬೇರೆ. ಇಲ್ಲಿ ಆಚಾರಿ ಸೈಟಿಗೇ ಬಂದು, ಪ್ಲೈವುಡ್ ಕೊಯ್ದು, ನಿಮ್ಮ ಮಾತು ಕೇಳಿ ಕಪಾಟು ಕಟ್ಟುತ್ತಾರೆ. ಅಲ್ಲಿ ಮಾತಿಗೆ ಜಾಗ ಇಲ್ಲ. ಕಾರ್ಖಾನೆಯವರು ಶಾಪ್ ಡ್ರಾಯಿಂಗ್, ಅಂದರೆ ತಾವು ಮಾಡಲಿರುವುದರ ವಿವರವಾದ ನಕ್ಷೆ ಕಳಿಸುತ್ತಾರೆ, ನೀವು ಒಂದೊಂದು ಗೆರೆ ನೋಡಿ ಒಪ್ಪಿಗೆ ಕೊಡಬೇಕು. ಗೋಡೆಗಳು ಕೆಂಪುಕಲ್ಲಿನವಲ್ಲ, ಸ್ಟಡ್ ಎಂಬ ಲೋಹದ ತೆಳು ಕಂಬಗಳ ಮೇಲೆ ಜಿಪ್ಸಮ್ ಬೋರ್ಡ್. ಭಾರದ ಕಪಾಟು ತೂಗಬೇಕಾದರೆ ಗೋಡೆಯೊಳಗೆ ಮೊದಲೇ ಆಧಾರ ಕೊಟ್ಟಿರಬೇಕು. ಕಟ್ಟಡದ ನಕ್ಷೆ ಮಾಡುವ ರೆವಿಟ್ ಸಾಫ್ಟ್‌ವೇರ್ ಬರದಿದ್ದರೆ ಹೊರಡುವಷ್ಟರಲ್ಲಿ ಕಲಿತುಬಿಡಿ. ಪರಿಸರಸ್ನೇಹಿ ಕಟ್ಟಡಗಳ ಬಗೆಗಿನ ಲೀಡ್ ಗ್ರೀನ್ ಅಸೋಸಿಯೇಟ್ ಪರೀಕ್ಷೆಯನ್ನು ಇಲ್ಲಿಂದಲೇ ಬರೆಯಬಹುದು, ಆದರೆ ಅದು ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಊಟ ಅಲ್ಲ. ಮುಂದೆ ಪಾಠ ಮಾಡುವ ಆಸೆ ಇದ್ದರೆ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಕೊಡುವ ಕಾಲೇಜು ನೋಡಿ.

ಇಂಟರ್ನ್‌ಶಿಪ್ ಹುಡುಕುವಾಗ ಪೋರ್ಟ್‌ಫೋಲಿಯೋ ಕೇಳುತ್ತಾರೆ. ಮಾಡ್ಯುಲರ್ ಕಿಚನ್‌ನ 3ಡಿ ಚಿತ್ರ ಎಲ್ಲರ ಹತ್ತಿರವೂ ಇರುತ್ತದೆ. ನೀವು ಒಂದು ಹಳೆಯ ಮನೆಯನ್ನು ಟೇಪು ಹಿಡಿದು ಅಳೆದು ಬರೆಯಿರಿ. ಜಗಲಿ, ಚಾವಡಿ, ಅಂಗಳ, ಮಂಗಳೂರು ಹಂಚಿನ ಮಾಡು, ಗಾಳಿ ಎಲ್ಲಿಂದ ಬರುತ್ತದೆ, ಮಳೆನೀರು ಎಲ್ಲಿಗೆ ಹೋಗುತ್ತದೆ, ಎಲ್ಲ. ಮನೆ ಸಿಗದಿದ್ದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಜಾಗ ಅದು. ನನ್ನ ಮೊದಲ ಸಂದರ್ಶನದಲ್ಲಿ ಅಜ್ಜಿಮನೆಯ ನಕ್ಷೆ ಒಂದರ ಮೇಲೇ ಅರ್ಧ ಗಂಟೆ ಮಾತಾಡಿದರು.

ಬದುಕು? ಮೊದಲ ಆರು ತಿಂಗಳು ಕಷ್ಟ. ಡಲ್ಲಾಸ್ ಕಡೆ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಇಲ್ಲೇ ಡ್ರೈವಿಂಗ್ ಕಲಿತು ಹೋಗಿ. ಕನ್ನಡದವರು, ತುಳುವರು ಎಲ್ಲ ಕಡೆ ಇದ್ದಾರೆ, ನಾಚಿಕೆ ಬಿಟ್ಟು ಫೋನ್ ಮಾಡಿ.

ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಯೂನಿವರ್ಸಿಟಿಗೆ ಹೋಗಿ ಮುಚ್ಚಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ. ಪ್ರತಿ ವಿಷಯದ ಸಿಲೆಬಸ್ಸು, ಎಷ್ಟು ಗಂಟೆ ಪಾಠ ಎನ್ನುವುದರ ಸಮೇತ, ಕಾಲೇಜಿನ ಸೀಲು ಹಾಕಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಡಿಗ್ರಿ ತೂಗುವ ಡಬ್ಲ್ಯುಇಎಸ್‌ನಂಥ ಸಂಸ್ಥೆಗಳಿಗೆ ಕಾಗದಗಳು ಬೇಕಾಗುತ್ತವೆ. ಅಲ್ಲಿಂದ ಫೋನ್ ಮಾಡಿ ಇವನ್ನು ತರಿಸುವಷ್ಟರಲ್ಲಿ ನನಗೆ ಐದು ತಿಂಗಳು ಹೋಗಿತ್ತು. ಕುಂಜಿಬೆಟ್ಟಿನ ಆಫೀಸಿನಿಂದಲೂ ಏನೇನು ಕೆಲಸ ಮಾಡಿದಿರಿ ಎಂದು ವಿವರವಾಗಿ ಪತ್ರ ಬರೆಸಿಕೊಳ್ಳಿ.

ನಾನು ಇನ್ನೂ ಮೂರು ವಾರ ಊರಲ್ಲಿರುತ್ತೇನೆ. ಎರಡೂ ಕಾಲೇಜಿನ ಪಾಠಪಟ್ಟಿ ಹಿಡಿದುಕೊಂಡು ಒಂದು ಭಾನುವಾರ ಉರ್ವಕ್ಕೆ ಬನ್ನಿ. ಒಟ್ಟಿಗೆ ಕೂತು ಆ 60 ಕ್ರೆಡಿಟ್ ಎಣಿಸೋಣ.