ಅಮ್ಮನಿಗೆ ಹಳದಿ, ಹೆಂಡತಿಗೆ ಬೂದು, ಮಗಳಿಗೆ ಹಸಿರು: ಅಡುಗೆಮನೆ ಗೋಡೆಗೆ ಯಾವ ಬಣ್ಣ ಹೊಡೆಸಲಿ?

ಹತ್ತಕ್ಕೆ ಎಂಟಡಿ ಅಡುಗೆಮನೆ, ಕಪ್ಪು ಗ್ರಾನೈಟ್ ಕಟ್ಟೆ, ಪೂರ್ವಕ್ಕೊಂದು ಕಿಟಕಿ, ದೀಪಾವಳಿಯೊಳಗೆ ಪೇಂಟಿಂಗ್ ಮುಗಿಯಬೇಕು, ಮೂರು ಜನ ಮೂರು ಬಣ್ಣ ಹಿಡಿದು ಕೂತಿದ್ದಾರೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಹನುಮಂತನಗರದ ನನ್ನ ತವರುಮನೆಯಲ್ಲೂ ಇದೇ ಪಂಚಾಯ್ತಿ. ನಾನಿರುವುದು ವಿಜಯನಗರದಲ್ಲಿ. ಅಮ್ಮನೂ ಅತ್ತಿಗೆಯೂ ಬೇರೆ ಬೇರೆಯಾಗಿ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು. ಅಣ್ಣ ಮಾತ್ರ "ನೀವೇ ಏನಾದ್ರೂ ಮಾಡ್ಕೊಳ್ಳಿ" ಅಂತ ಪೇಪರ್ ಅಡ್ಡ ಹಿಡಿದ. ನಾವು ಹೇಗೆ ಸರಿಮಾಡಿಕೊಂಡೆವು ಅನ್ನುವುದಕ್ಕಿಂತ ಹೇಗೆ ಕೆಡಿಸಿಕೊಂಡೆವು ಅನ್ನುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಭಾನುವಾರ ಊಟ ಆದಮೇಲೆ ಹಾಲಿನಲ್ಲಿ ಶೇಡ್ ಕಾರ್ಡ್ ಹರಡಿಕೊಂಡು ಕೂತೆವು. ಅದೇ ಮೊದಲ ತಪ್ಪು. ಹೆಬ್ಬೆರಳಿನಷ್ಟು ಅಗಲದ ನೂರಾರು ಚೌಕ. ಅಮ್ಮ "ಹಳದಿ" ಅಂದಳು. ಅತ್ತಿಗೆ "ಬಿಳಿ ಥರ ಇರ್ಬೇಕು, ಆದ್ರೆ ಬಿಳಿ ಅಲ್ಲ" ಅಂದರು. ಪೇಂಟರ್ ಬಾಗಿಲಲ್ಲಿ ನಿಂತು "ಐವರಿ ಹೊಡ್ದ್‌ಬಿಡ್ತೀನಿ ಅಕ್ಕ, ಎಲ್ಲಾರೂ ಅದೇ ಹೊಡ್ಸೋದು" ಅಂದ. ನಾನು ದೊಡ್ಡ ನ್ಯಾಯಾಧೀಶಳ ಹಾಗೆ ಇಬ್ಬರಿಗೂ ನಡುವಿನದೊಂದು ನಿಂಬೆಹಣ್ಣಿನ ತಿಳಿಹಳದಿ ತೋರಿಸಿದೆ. ಇಬ್ಬರೂ ತಲೆ ಆಡಿಸಿದರು. ನಾಲ್ಕು ಲೀಟರ್ ಬಂತು. ಮಾರನೆಯ ದಿನ ಒಲೆಯ ಹಿಂದಿನ ಗೋಡೆಗೆ ಎರಡು ಕೋಟು ಬಿತ್ತು.

ಅದರ ಮಾರನೆಯ ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿ "ಪರವಾಗಿಲ್ಲ ಕಣೇ, ಚೆನ್ನಾಗೇ ಬಂದಿದೆ" ಅಂದರು. ಅದೇ ಸಂಜೆ ಅಮ್ಮ ಫೋನ್ ಮಾಡಿ "ಗೋಡೆಗೆ ಕಾಮಾಲೆ ಬಂದಿದೆ, ಬಂದು ನೋಡು" ಅಂದಳು. ಹೋಗಿ ನೋಡಿದರೆ ಇಬ್ಬರೂ ಹೇಳಿದ್ದು ನಿಜ. ಅಂಗಡಿಯವನು ಡಬ್ಬ ವಾಪಸ್ ತಗೊಳ್ಳಲಿಲ್ಲ. ಅವನದೂ ತಪ್ಪಲ್ಲ. ಬಿಳಿ ಬೇಸ್ ಪೇಂಟಿಗೆ ಮೆಷಿನ್ನಿನಲ್ಲಿ ತೊಟ್ಟು ತೊಟ್ಟು ಬಣ್ಣ ಬೆರೆಸಿ ಕೊಟ್ಟಮೇಲೆ ನಮ್ಮ ನಿಂಬೆಹಣ್ಣನ್ನು ಇನ್ನು ಯಾರು ಕೊಳ್ಳುತ್ತಾರೆ? ಉಳಿದದ್ದು ತಾರಸಿಯ ಕುಂಡಗಳಿಗೆ ಹೋಯಿತು. ಅಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಯೋಚನೆ ಮಾಡಿದಾಗ ಹೊಳೆದಿದ್ದು ಇದು: ಅತ್ತಿಗೆ ಅಡುಗೆಮನೆಯಲ್ಲಿ ಇರುವುದು ಬೆಳಿಗ್ಗೆ ಆರರಿಂದ ಒಂಬತ್ತು. ನಿಮ್ಮದರ ಹಾಗೆ ಅಲ್ಲೂ ಪೂರ್ವದ ಕಿಟಕಿ. ಎಳೆಬಿಸಿಲು ನೇರ ಗೋಡೆಗೇ ಬೀಳುತ್ತದೆ, ಆ ಬೆಳಕಿನಲ್ಲಿ ಸಪ್ಪೆ ಬಣ್ಣಕ್ಕೂ ಕಳೆ ಬರುತ್ತದೆ. ಅಮ್ಮ ಇರುವುದು ಸಂಜೆ ಆರರಿಂದ. ಆಗ ಇರುವುದು ಟ್ಯೂಬ್‌ಲೈಟ್ ಒಂದೇ. ಅದರ ಡಬ್ಬದ ಮೇಲೆ ಕೂಲ್ ಡೇಲೈಟ್, 6500 ಕೆಲ್ವಿನ್ ಅಂತ ಇತ್ತು. ಅಂದರೆ ನೀಲಿ ಕಡೆಗೆ ವಾಲಿದ ಬಿಳಿ ಬೆಳಕು. ನಿಂಬೆ ಹಳದಿಯ ಮೇಲೆ ಅದು ಬಿದ್ದರೆ ಹಸಿರು ಛಾಯೆ ಬಂದು ಹಸಿ ಬಾಳೆಕಾಯಿ ಥರ ಆಗಿಬಿಡುತ್ತದೆ. ಒಂದೇ ಗೋಡೆಯನ್ನು ಇಬ್ಬರೂ ಒಂದೇ ಹೊತ್ತಿನಲ್ಲಿ ನೋಡಿಯೇ ಇರಲಿಲ್ಲ. ಬಣ್ಣ ಆರಿಸಿದ್ದೋ ಹಾಲಿನಲ್ಲಿ, ಮಧ್ಯಾಹ್ನ, ಬಾಲ್ಕನಿ ಬೆಳಕಿನಲ್ಲಿ. ಆ ಹೊತ್ತಿಗೆ ಆ ಅಡುಗೆಮನೆಯಲ್ಲಿ ಯಾರೂ ಇರುವುದೇ ಇಲ್ಲ.

ಇನ್ನೊಂದು ವಿಷಯ ಆಕಸ್ಮಿಕವಾಗಿ ಗೊತ್ತಾಯಿತು. ಅಮ್ಮನಿಗೆ ಬಲಗಣ್ಣಿನ ಪೊರೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು, ಎಡಗಣ್ಣಿನದು ಬಾಕಿ. ಒಂದು ದಿನ ಎಡಗಣ್ಣು ಮುಚ್ಚಿಕೊಂಡು "ಇದು ಬಿಳಿ" ಅಂದಳು, ಬಲಗಣ್ಣು ಮುಚ್ಚಿಕೊಂಡು "ಇದು ಕೆನೆ" ಅಂದಳು, ಗೋಡೆ ಅದೇ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ, ಅದು ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆದು ಹೊಸ ಲೆನ್ಸ್ ಹಾಕಿದಮೇಲೆ ಆ ಕಣ್ಣಿಗೆ ನೀಲಿ ಒಮ್ಮೆಲೇ ಎದ್ದು ಕಾಣುತ್ತದೆ. ನಿಮ್ಮ ಅಮ್ಮನಿಗೆ ಅರವತ್ತೈದು ದಾಟಿದ್ದರೆ "ಬೂದು ಬಣ್ಣ ಕೊಳಕಾಗಿ ಕಾಣುತ್ತೆ" ಅನ್ನುವುದನ್ನು ಹಟ ಅಂತ ತಳ್ಳಿಹಾಕಬೇಡಿ. ಅವರಿಗೆ ಅದು ಹಾಗೇ ಕಾಣುತ್ತಿರಬಹುದು. ವಯಸ್ಸಾದವರಿಗೆ ಬೆಳಕೂ ಹೆಚ್ಚು ಬೇಕು. ಈಳಿಗೆಮಣೆ ಮುಂದೆ ಕೂತವರಿಗೆ ಗೋಡೆ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವುದು ಅಂದಚೆಂದದ ಮಾತಲ್ಲ, ಬೆರಳಿನ ಮಾತು.

ಆದ್ದರಿಂದ ಬಣ್ಣಕ್ಕೆ ಮುಂಚೆ ಲೈಟ್ ಬದಲಾಯಿಸಿ. ನಾವು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ 4000 ಕೆಲ್ವಿನ್‌ದು ಎರಡು ಲೈಟ್ ತಂದೆವು (ಈ ಅಂಕಿ ಇಳಿದಷ್ಟೂ ಬೆಳಕು ಹಳದಿ ಕಡೆಗೆ ವಾಲುತ್ತದೆ), ನಿಮ್ಮ ಏರಿಯಾದ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. 3000ದ್ದು ಹಾಲಿಗೆ, ದೇವರಮನೆಗೆ ಚೆಂದ. ಅಡುಗೆಮನೆಯಲ್ಲಿ ಅಕ್ಕಿ ಆರಿಸುವಾಗ ಅದು ಸ್ವಲ್ಪ ಮಂಕು ಅನ್ನುವುದು ನನ್ನ ಅನಿಸಿಕೆ. ಒಂದು ಲೈಟ್ ಕಟ್ಟೆಯ ಮೇಲೇ ಬೀಳುವಂತೆ ಹಾಕಿಸಿದೆವು, ಹೆಚ್ಚುವಾಗ ಸ್ವಂತ ನೆರಳೇ ಅಡ್ಡ ಬರಬಾರದಲ್ಲ. ಅದಾದಮೇಲೆ ಅರ್ಧ ಜಗಳ ತಾನಾಗಿ ಕರಗಿತು.

ಉಳಿದರ್ಧಕ್ಕೆ ರಟ್ಟು. ಫ್ರಿಜ್ ಬಂದ ರಟ್ಟಿನ ಡಬ್ಬವನ್ನು ಅಣ್ಣ ಯಾಕೋ ಅಟ್ಟದ ಮೇಲೆ ಇಟ್ಟಿದ್ದ (ಅಟ್ಟ ಇರುವುದೇ ಅದಕ್ಕೆ). ಅದರಲ್ಲಿ ಎರಡಡಿ ಚೌಕದ ನಾಲ್ಕು ತುಂಡು ಕತ್ತರಿಸಿ, ಮೊದಲು ಬಿಳಿ ಪ್ರೈಮರ್, ಆಮೇಲೆ ಸ್ಯಾಂಪಲ್ ಡಬ್ಬದ ಬಣ್ಣ ಎರಡೆರಡು ಕೋಟು. ಸುತ್ತ ಒಂದು ಬೆರಳು ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಹಳೆ ಗೋಡೆಯ ಬಣ್ಣ ಪಕ್ಕದಲ್ಲೇ ನಿಂತು ಹೊಸದನ್ನು ಬೇರೆಯಾಗಿ ತೋರಿಸುತ್ತದೆ. ಪೇಂಟರ್‌ಗಳು ಸಾಮಾನ್ಯವಾಗಿ ಮಾಡುವ ಹಾಗೆ ಗೋಡೆಯ ಮೇಲೇ ಮೂರು ಪಟ್ಟೆ ಎಳೆದರೂ ಅದೇ ಪಾಡು. ಒಣಗುವ ತನಕ ಯಾರೂ ಬಾಯಿ ತೆಗೆಯಕೂಡದು, ಎಮಲ್ಷನ್ (ನೀರು ಬೆರೆಸಿ ಬಳಿಯುವ ಪೇಂಟ್) ಒಣಗಿದಮೇಲೆ ತುಸು ಗಾಢವಾಗುತ್ತದೆ. ಕಾರ್ಡಿನಲ್ಲಿ ಕಂಡ ಬಣ್ಣ ಗೋಡೆ ತುಂಬಿದಾಗ ಒಂದು ಕೈ ಹೆಚ್ಚೇ ಕಾಣುತ್ತದೆ. ಹಾಗಾಗಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೂ ರಟ್ಟಿಗೆ ಬಳಿಯಿರಿ.

ರಟ್ಟುಗಳನ್ನು ಮೂರು ದಿನ ಅಡುಗೆಮನೆಯಲ್ಲೇ ಬಿಟ್ಟೆವು. ಕಪ್ಪು ಗ್ರಾನೈಟಿಗೆ ಒರಗಿಸಿ ಒಂದು ದಿನ, ಫ್ರಿಜ್ ಪಕ್ಕ ಒಂದು ದಿನ. ಬಣ್ಣದ ಹೆಸರು ಯಾರೂ ಹೇಳಬಾರದು, ರಟ್ಟಿನ ಹಿಂದೆ ನಂಬರ್ ಮಾತ್ರ, ಅದೊಂದೇ ನನ್ನ ಷರತ್ತು. ಯಾಕೆಂದರೆ ನಮ್ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಬಣ್ಣಕ್ಕಲ್ಲ, ಹೆಸರಿಗೆ. ಅಮ್ಮನ "ಹಳದಿ"ಯನ್ನು ಅತ್ತಿಗೆ ಸ್ಕೂಲ್ ಬಸ್ ಅಂತ ಕೇಳಿಸಿಕೊಳ್ಳುತ್ತಿದ್ದರು. ಅತ್ತಿಗೆಯ "ಬಿಳಿ ಥರ"ವನ್ನು ಅಮ್ಮ ಆಸ್ಪತ್ರೆ ಅಂತ ಕೇಳಿಸಿಕೊಳ್ಳುತ್ತಿದ್ದಳು. ಎರಡನೆಯ ದಿನ ಸಂಜೆ ಅಮ್ಮ ಮೂರನೇ ನಂಬರ್ ಮುಂದೆ ನಿಂತು "ನಿಮ್ಮಜ್ಜಿಯ ಗೋಧಿ ಬಣ್ಣದ ನೂಲು ಸೀರೆ ಇತ್ತಲ್ಲ, ಆ ಥರ" ಅಂದಳು. ಅಲ್ಲಿಗೆ ನನಗೆ ದಾರಿ ಸಿಕ್ಕಿತು.

ಬೀರು ತೆಗೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ನಮ್ಮ ಹೆಂಗಸರಿಗೆ ಬಣ್ಣದ ಭಾಷೆ ಇರುವುದು ಸೀರೆಯಲ್ಲಿ. ಮಾವಿನ ಚಿಗುರು, ಬದನೆಕಾಯಿ, ಗಿಳಿ ಹಸಿರು, ಇಟ್ಟಿಗೆ, ಆನಂದ ನೀಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಉಡುತ್ತಿದ್ದ ಕಾಂಚೀಪುರದ ನೀಲಿಗೆ ಇವತ್ತಿಗೂ ಎಂ.ಎಸ್. ಬ್ಲೂ ಅಂತಲೇ ಹೆಸರು, ಅಂಗಡಿಯಲ್ಲಿ ಅಷ್ಟಂದರೆ ಸಾಕು. ಪೇಂಟ್ ಕಂಪನಿಗಳು ಇಡುವ ಕವಿತೆಯಂಥ ಹೆಸರುಗಳಿಗೆ ಆ ಸ್ಪಷ್ಟತೆ ಇಲ್ಲ. ಅಮ್ಮನನ್ನೂ ಹೆಂಡತಿಯನ್ನೂ "ಹೀಗೆ ಇದ್ದರೆ ಸಾಕು" ಅನ್ನುವ ಒಂದೊಂದು ಬಟ್ಟೆ ತರಲು ಹೇಳಿ. ರೇಷ್ಮೆ ಬೇಡ, ಹೊಳಪು ಮೋಸ ಮಾಡುತ್ತದೆ. ನೂಲಿನದು ತೆಗೆದುಕೊಂಡು ಹೋದರೆ ಕೆಲವು ದೊಡ್ಡ ಅಂಗಡಿಗಳಲ್ಲಿ ಯಂತ್ರ ಇಟ್ಟು ನೋಡಿ ಹತ್ತಿರದ ಶೇಡ್ ತೆಗೆದುಕೊಡುತ್ತಾರೆ.

ವಾಸ್ತುವಿನ ಮಾತೂ ಎತ್ತಿದ್ದೀರಿ. ಅಡುಗೆಮನೆ ಆಗ್ನೇಯದಲ್ಲಿದ್ದರೆ ಅಗ್ನಿಯ ಮೂಲೆ, ಹಳದಿ ಕಿತ್ತಳೆ ಆಗಬಹುದು, ನೀಲಿ ಕಪ್ಪು ಬೇಡ ಅನ್ನುತ್ತಾರೆ. ನನಗೆ ಅದರಲ್ಲಿ ಅಂಥ ನಂಬಿಕೆ ಇಲ್ಲ. ಆದರೆ ಅಮ್ಮನ ಜೊತೆ ಅದನ್ನು ವಾದಿಸುವ ಜಾಗ ಅಡುಗೆಮನೆ ಗೋಡೆಯಲ್ಲ. ಹಳದಿ ಅಂದರೆ ಒಂದೇ ಬಣ್ಣವೂ ಅಲ್ಲ, ಬೆಣ್ಣೆಯಿಂದ ಕಡಲೆಹಿಟ್ಟಿನ ತನಕ ಎಷ್ಟೊಂದು ಜಾಗ ಇದೆ ಅದರೊಳಗೆ. ಅಷ್ಟರಲ್ಲಿ ನಿಮ್ಮ ಹೆಂಡತಿಗೂ ಒಂದು ಸಿಕ್ಕೇ ಸಿಗುತ್ತದೆ.

ಬೂದು ಬಣ್ಣಕ್ಕೆ ನನ್ನ ತಕರಾರು ಬೇರೆ: ಒಗ್ಗರಣೆ. ನಮ್ಮ ಅಡುಗೆಮನೆ ದಿನಕ್ಕೆ ಎರಡು ಸಲ ಸಾಸಿವೆ ಸಿಡಿಸುವ ಜಾಗ. ಎಣ್ಣೆ ಹೊಗೆ ಟೈಲ್ಸಿಗೆ ನಿಲ್ಲುವುದಿಲ್ಲ, ಮೇಲಕ್ಕೆ ಹೋಗಿ ಗೋಡೆಯಲ್ಲಿ ಕೂರುತ್ತದೆ, ಅದರ ಮೇಲೆ ಧೂಳು. ಆ ಪದರ ಹಳದಿಮಿಶ್ರಿತ ಕಂದು. ತಣ್ಣಗಿನ ಬೂದು, ಅಚ್ಚ ಬಿಳಿಯ ಮೇಲೆ ಅದು ಎದ್ದು ಕಾಣುತ್ತದೆ, ಬೆಣ್ಣೆ ಬಣ್ಣದ ಮೇಲೆ ಅಷ್ಟು ಕಾಣದು. ಅರಿಶಿನದ್ದು ಇನ್ನೂ ತಮಾಷೆ. ಕಲೆಯನ್ನು ಸೋಪಿನಿಂದ ಒರೆಸಿದರೆ ಕೆಂಪಾಗುತ್ತದೆ, ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ತಿರುಗುತ್ತದೆ (ಆರತಿಯ ಓಕುಳಿ ನೀರಿಗೆ ಸುಣ್ಣ ಹಾಕಿದಾಗ ಆಗುವುದೂ ಅದೇ). ಗಾಬರಿಯಾಗಿ ತಿಕ್ಕಿ ಪೇಂಟ್ ಕೀಳಬೇಡಿ. ನೀರಿನಿಂದ ಒರೆಸಿ ಬಿಡಿ. ಬಿಸಿಲು ಬೀಳುವ ಗೋಡೆಯಾದರೆ ಉಳಿದ ಕಲೆ ತಾನೇ ಮಾಸುತ್ತದೆ.

ಬಣ್ಣಕ್ಕಿಂತ ಹೊಳಪಿನ ವಿಚಾರದಲ್ಲಿ ಗಟ್ಟಿಯಾಗಿ ನಿಲ್ಲಿ. ಡಿಸ್ಟೆಂಪರ್ ಬೇಡವೇ ಬೇಡ, ಒರೆಸಿದರೆ ಬಟ್ಟೆಗೇ ಬರುತ್ತದೆ. ಪೂರ್ತಿ ಮ್ಯಾಟ್ ಕಣ್ಣಿಗೆ ಹಿತ, ಆದರೆ ಎಣ್ಣೆ ಕುಡಿಯುತ್ತದೆ. ತೊಳೆಯಬಹುದಾದ ಎಮಲ್ಷನ್, ತುಸು ರೇಷ್ಮೆ ಹೊಳಪಿನದು ತಗೊಳ್ಳಿ. ತೀರಾ ಹೊಳೆಯುವುದು ಹಾಕಿದರೆ ಗೋಡೆ ನುಣುಪಾಗಲಿ ಅಂತ ಪೇಂಟಿಗೆ ಮುಂಚೆ ಮೆತ್ತುವ ಪುಟ್ಟಿಯ ಏರಿಳಿತವೆಲ್ಲ ಟ್ಯೂಬ್‌ಲೈಟಿನಲ್ಲಿ ಎದ್ದು ನಿಲ್ಲುತ್ತದೆ. ಹಳೆ ಮನೆಗಳ ಹಾಗೆ ಆಯಿಲ್ ಪೇಂಟ್ ಬಳಿಯೋಣ ಅಂತ ಪೇಂಟರ್ ಹೇಳಬಹುದು. ಬಿಳಿ ಆಯಿಲ್ ಪೇಂಟ್ ಬೆಳಕಿಲ್ಲದ ಮೂಲೆಯಲ್ಲಿ ಬೇಗ ಹಳದಿಯಾಗುತ್ತದೆ, ಅಟ್ಟದ ಕೆಳಗಿನ ಗೋಡೆ ನೋಡಿದರೆ ಗೊತ್ತಾಗುತ್ತದೆ.

ಕೊನೆಗೆ ನಮ್ಮಲ್ಲಿ ಗೆದ್ದದ್ದು ಮೂರನೇ ನಂಬರ್. ಅಮ್ಮ ಅದನ್ನು ಇವತ್ತಿಗೂ ಹಳದಿ ಅನ್ನುತ್ತಾಳೆ, ಅತ್ತಿಗೆ ಬಂದವರಿಗೆ ಆಫ್‌ವೈಟ್ ಅಂತ ಹೇಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಅಣ್ಣನ ಮಗಳು ಕೇಳಿದ್ದ ಗಿಳಿ ಹಸಿರು ಅಟ್ಟದ ಬಾಗಿಲಿಗೆ ಹೋಯಿತು. ಬಣ್ಣ ಆಗುವ ಮೂರು ದಿನ ಬೆಳಿಗ್ಗೆ ದರ್ಶಿನಿ ಇಡ್ಲಿ, ರಾತ್ರಿ ಹಾಲಿನಲ್ಲಿ ಇಂಡಕ್ಷನ್ ಒಲೆಯ ಮೇಲೆ ಸಾರು. ಅಣ್ಣ ಬಾಯಿಬಿಟ್ಟದ್ದು ಆಗಲೇ, "ಇನ್ನೂ ಎಷ್ಟು ದಿನ?" ಅಂತ.

ಈಗ ನಿಮ್ಮ ವಿಷಯ. ಮಗಳ ಹಸಿರನ್ನು ಕಪಾಟಿನ ಶಟರ್‌ಗೋ ಅಟ್ಟದ ಬಾಗಿಲಿಗೋ ಕೊಡಿ, ಬೇಸರವಾದರೆ ಒಂದು ದಿನದಲ್ಲಿ ಬದಲಾಯಿಸಬಹುದು. ಹೆಂಡತಿಗೆ ಬೂದೇ ಬೇಕಿದ್ದರೆ ಒಲೆಯಿಂದ ದೂರದ ಒಂದು ಗೋಡೆಗೆ, ಅದೂ ಸ್ವಲ್ಪ ಕಂದು ಬೆರೆತ ಬೆಚ್ಚನೆ ಬೂದು. ರಟ್ಟಿನ ಮೇಲೆ ಮಾತ್ರ ಮೂವರದ್ದೂ ಬಳಿಯಿರಿ. ಯಾರ ಬಣ್ಣವನ್ನೂ ನೋಡದೆಯೇ ಬಿಟ್ಟರೆ ಅದು ವರ್ಷಗಟ್ಟಲೆ ಮಾತಿಗೆ ಬರುತ್ತದೆ. ಇಬ್ಬರು ಸರಿಸಮಕ್ಕೆ ನಿಂತರೆ ಆ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರದು ನಡೆಯಲಿ. ಅದು ನೀವಲ್ಲ ಅನ್ನುವುದು ನಿಮ್ಮ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ, ತಪ್ಪು ತಿಳಿಯಬೇಡಿ.

ದೀಪಾವಳಿಗೆ ಅಂತ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದರೆ ಬೆಂಗಳೂರಿನ ಜೋರು ಮಳೆಗೇ ಸಿಕ್ಕಿಕೊಳ್ಳುತ್ತೀರಿ, ಪುಟ್ಟಿ ಒಣಗಲು ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ. ಮನೆ ಹಳೆಯದಾದರೆ ಹಳೆ ಪೇಂಟನ್ನು ಒಣಗಿದ ಹಾಗೇ ಉಜ್ಜಲು ಬಿಡಬೇಡಿ, ಏಳುವ ಧೂಳಿನಲ್ಲಿ ಸೀಸ ಇರಬಹುದು, ಅದು ವಿಷ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಎಷ್ಟಿದೆಯೋ ಯಾರು ಕಂಡರು. ನೀರು ಹಚ್ಚಿ ಉಜ್ಜಿಸಿ, ಪಾತ್ರೆಪಡಗ ಆಚೆ ಇಡಿ, ಮಗಳನ್ನು ಆ ದಿನ ಅಜ್ಜಿಮನೆಗೋ ಸ್ನೇಹಿತರ ಮನೆಗೋ ಕಳಿಸಿ.

ಮತ್ತೆ, ಪೇಂಟರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಫ್ರಿಜ್ ಜರುಗಿಸಿ ಅದರ ಹಿಂದಿನ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಆಚೆ ಬದಿಗೆ ಬಾತ್‌ರೂಮ್ ಇದ್ದು ಗೋಡೆ ತಣ್ಣಗೆ, ಉಬ್ಬಿಕೊಂಡು ಇದ್ದರೆ ಮೊದಲು ಪ್ಲಂಬರ್‌ನನ್ನು ಕರೆಯಿರಿ.