ಐದಾರು ವರ್ಷ ನಿಂತ ಪದ್ಮಿನಿಯ ಹಳೇ ಪೆಟ್ರೋಲಿಗೆ ಹೊಸದು ಬೆರೆಸಬಹುದಾ?

ಬೆರೆಸಬೇಡಿ. ಸದ್ಯಕ್ಕೆ ಸೆಲ್ಫ್ ಕೂಡ ಹೊಡೆಯಬೇಡಿ.

ನೀವು ಬರೆದಿರುವುದು ಇಷ್ಟು: ಅಜ್ಜನ ಪ್ರೀಮಿಯರ್ ಪದ್ಮಿನಿ ಕಾರು 2019ರಿಂದ ತೀರ್ಥಹಳ್ಳಿ ಕಡೆಯ ಮನೆಯ ಶೆಡ್ಡಿನಲ್ಲಿ ನಿಂತಿದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇದೆ. ಹೊಸ ಬ್ಯಾಟರಿ ಕೂರಿಸಿ, ಹತ್ತು ಲೀಟರ್ ಹೊಸ ಪೆಟ್ರೋಲ್ ಸುರಿದು, ಆಕ್ಟೇನ್ ಬೂಸ್ಟರ್ ಹಾಕಿದರೆ ಓಡುತ್ತೆ ಅಂತ ಊರಿನ ಮೆಕ್ಯಾನಿಕ್ ಹೇಳಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ, ಓಡಿದರೂ ಓಡಬಹುದು. ನನಗೆ ಭಯ ಇರುವುದೇ ಅಲ್ಲಿ. ಸ್ಟಾರ್ಟ್ ಆಗದಿದ್ದರೆ ನಿಮ್ಮ ಬ್ಯಾಟರಿ ಇಳಿಯುತ್ತೆ, ಅಷ್ಟೇ. ಸ್ಟಾರ್ಟ್ ಆದರೆ ಹೆಡ್, ಅಂದರೆ ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ, ಇಳಿಸುವ ಕೆಲಸ ಬೀಳಬಹುದು.

ಯಾಕೆ ಅಂತ ಹೇಳ್ತೀನಿ. ಪೆಟ್ರೋಲ್ ಅನ್ನುವುದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಹಗುರವಾದವು ಬೇಗ ಆವಿಯಾಗುತ್ತವೆ. ತಣ್ಣಗಿರುವ ಎಂಜಿನ್ ಬೆಳಿಗ್ಗೆ ಸಲೀಸಾಗಿ ಹೊತ್ತಿಕೊಳ್ಳುವುದು ಇವುಗಳಿಂದಲೇ. ಹಳೇ ಕಾರುಗಳ ಟ್ಯಾಂಕಿಗೆ ಗಾಳಿಯ ದಾರಿ ತೆರೆದೇ ಇರುತ್ತೆ. ಹಗಲು ಬಿಸಿಯಾದಾಗ ಆವಿ ಹೊರಗೆ ಹೋಗುತ್ತೆ, ರಾತ್ರಿ ತಣ್ಣಗಾದಾಗ ಹೊರಗಿನ ಗಾಳಿ ಒಳಗೆ ಬರುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಆ ಗಾಳಿಯ ಜೊತೆ ತೇವವೂ ಬರುತ್ತೆ. ಹೀಗೆ ಕೆಲವೇ ತಿಂಗಳಲ್ಲಿ ಹಗುರದ ಭಾಗ ಖಾಲಿ. ಉಳಿದದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಅಂಟಾಗುತ್ತಾ ಹೋಗುತ್ತೆ. ಮೊದಲು ಬಣ್ಣ ಗಾಢವಾಗುತ್ತೆ. ಆಮೇಲೆ ವಾರ್ನಿಷ್ ವಾಸನೆ. ಕೊನೆಗೆ ಹಲಸಿನ ಮೇಣದ ಹಾಗೆ, ಹತ್ತಿಕೊಂಡರೆ ಬಿಡದ ಗೋಂದು.

ಹೊಸ ಪೆಟ್ರೋಲ್ ಬೆರೆಸಿದರೆ ಹಗುರದ ಭಾಗ ವಾಪಸ್ ಸಿಗುತ್ತೆ, ಅದಕ್ಕೇ ಸ್ಟಾರ್ಟ್ ಆಗುವುದು. ಗೋಂದು ಎಲ್ಲೂ ಹೋಗಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ದಾಟಿ ಒಳಗೆ ಹೋಗಿ, ಆ ಮಿಶ್ರಣವನ್ನು ಸಿಲಿಂಡರಿಗೆ ಬಿಡುವ ಇನ್‌ಲೆಟ್ ವಾಲ್ವಿನ ಕಡ್ಡಿಗೆ ಮೆತ್ತಿಕೊಳ್ಳುತ್ತೆ. ಎಂಜಿನ್ ಬಿಸಿ ಇರುವವರೆಗೆ ಅದು ಮೆತ್ತಗಿರುತ್ತೆ, ವಾಲ್ವ್ ಆಡುತ್ತಿರುತ್ತೆ. ರಾತ್ರಿ ತಣ್ಣಗಾದ ಮೇಲೆ ಗಟ್ಟಿಯಾಗಿ ವಾಲ್ವನ್ನು ಅದು ಆಡುವ ಕೊಳವೆಯೊಳಗೇ (ಗೈಡ್) ಹಿಡಿದುಬಿಡುತ್ತೆ. ಪದ್ಮಿನಿಯದ್ದು 1089 ಸಿಸಿಯ ಪುಶ್ ರಾಡ್ ಎಂಜಿನ್, ಅಂದರೆ ಕೆಳಗೆ ತಿರುಗುವ ಕ್ಯಾಮ್ ಉದ್ದನೆಯ ಸರಳಿನ ಮೂಲಕ ಮೇಲಿನ ವಾಲ್ವನ್ನು ತೆರೆಯುತ್ತೆ. ಮರುದಿನ ಸೆಲ್ಫ್ ಹೊಡೆದರೆ ಕೆಳಗಿನಿಂದ ಕ್ಯಾಮ್ ತಳ್ಳುತ್ತೆ, ಮೇಲೆ ವಾಲ್ವ್ ಕದಲಲ್ಲ, ನಡುವೆ ಸಿಕ್ಕಿಕೊಂಡ ಪುಶ್ ರಾಡ್ ಬಾಗುತ್ತೆ.

ಪರಿಚಯದವರೊಬ್ಬರ ಗಾಡಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಸಂಜೆ ಊರೆಲ್ಲಾ ಒಂದು ಸುತ್ತು ಹಾಕಿ ಬಂದು ಮನೆಮಂದಿಗೆ ಮೈಸೂರು ಪಾಕ್ ಹಂಚಿದ್ದರು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್ ಅಂತ ಶಬ್ದ, ನಾಲ್ಕರಲ್ಲಿ ಮೂರೇ ಸಿಲಿಂಡರಿನ ಓಟ. ಎಂಜಿನ್ ಮೇಲಿನ ಟಪ್ಪೆಟ್ ಕವರ್ ತೆಗೆದಾಗ ಒಂದು ಪುಶ್ ರಾಡ್ ಬಾಗಿ ತನ್ನ ಜಾಗ ಬಿಟ್ಟು ಪಕ್ಕಕ್ಕೆ ವಾಲಿತ್ತು. ಹೆಡ್ ಇಳಿಸಿ ನೋಡಿದರೆ ವಾಲ್ವ್ ಕಡ್ಡಿಯ ಮೇಲೆ ಕಂದು ಬಣ್ಣದ ತೆಳು ಪದರ. ಉಗುರಿನಿಂದ ಕೆರೆದರೂ ಏಳದು. ಆ ವಾಲ್ವನ್ನು ಮರದ ತುಂಡಿಟ್ಟು ತಟ್ಟಿ ತಟ್ಟಿ ಹೊರಗೆ ತೆಗೆದರು.

ಆಕ್ಟೇನ್ ಬೂಸ್ಟರ್ ದುಡ್ಡು ಉಳಿಸಿಕೊಳ್ಳಿ. ಆಕ್ಟೇನ್ ಅಂದರೆ ಒತ್ತಡದಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಿರುವ ಗುಣ, ನಿಮ್ಮ ತೊಂದರೆ ಅದರದ್ದಲ್ಲ. ಪದ್ಮಿನಿಯ ಕಂಪ್ರೆಷನ್ ಕಡಿಮೆ, ಇವತ್ತಿನ ಮಾಮೂಲಿ ಪೆಟ್ರೋಲೇ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಅಂಗಡಿಯಲ್ಲಿ ಸಿಗುವ ಫ್ಯೂಯಲ್ ಸ್ಟೆಬಿಲೈಸರ್ ಕೂಡ ಅಷ್ಟೇ. ಹೊಸ ಪೆಟ್ರೋಲಿಗೆ ಮೊದಲೇ ಹಾಕಿಟ್ಟರೆ ಕೆಡುವುದು ತಡವಾಗುತ್ತೆ. ಕೆಟ್ಟಿದ್ದನ್ನು ಅದು ಸರಿ ಮಾಡಲ್ಲ.

ಹಾಗಾದರೆ ಮೊದಲ ಕೆಲಸ ಟ್ಯಾಂಕ್ ಖಾಲಿ ಮಾಡುವುದು. ಹಳೇ ಪೆಟ್ರೋಲ್ ತಾನೇ, ಅಷ್ಟಾಗಿ ಹೊತ್ತಿಕೊಳ್ಳಲ್ಲ ಅಂತ ಕೆಲವರು ಸಲೀಸಾಗಿ ತಗೊಳ್ತಾರೆ. ಖಂಡಿತ ಹೊತ್ತಿಕೊಳ್ಳುತ್ತೆ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದುಕೊಂಡು ದೂರ ಹೋಗುತ್ತೆ. ಮಲೆನಾಡಿನ ಮನೆ ಅಂದ್ರಿ, ಶೆಡ್ಡಿನ ಹತ್ತಿರವೇ ಬಚ್ಚಲ ಒಲೆ ಇರಬಹುದು ಅಲ್ವಾ? ಅದು ಪೂರ್ತಿ ಆರಿ, ಕೆಂಡವೂ ಬೂದಿಯಾದ ಮೇಲೆ ಕೆಲಸಕ್ಕೆ ಕೈ ಹಾಕಿ. ಗಾಡಿಯನ್ನು ತಳ್ಳಿಕೊಂಡು ಅಂಗಳಕ್ಕೆ ತಂದರೆ ಇನ್ನೂ ಒಳ್ಳೆಯದು. ಬ್ಯಾಟರಿ ಇನ್ನೂ ಕೂರಿಸಿಲ್ಲ ಅಂದರೆ ಹಾಗೇ ಇರಲಿ. ಬೀಡಿ, ಸಿಗರೇಟು, ತೂಗುಹಾಕುವ ಬಲ್ಬು ಯಾವುದೂ ಬೇಡ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಳ್ಳಿ, ಪೌಡರ್ ತುಂಬಿದ ಅಗ್ನಿಶಾಮಕ ಸಿಲಿಂಡರ್ ಇದ್ದರೆ ಅದೂ ಇರಲಿ. ನೀರು ಸುರಿದರೆ ಬೆಂಕಿ ಹರಡುತ್ತೆ.

ಪೈಪ್ ಇಳಿಬಿಟ್ಟು ಬಾಯಿಂದ ಎಳೆಯುವ ಅಭ್ಯಾಸ ನಮ್ಮ ಕಡೆ ಬಹಳ. ದಯವಿಟ್ಟು ಬೇಡ. ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಬೇಕಾಗುತ್ತೆ. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪೆಟ್ರೋಲಿಗೆ ಆಗುವ ಕೈಪಂಪ್ ಕಡಿಮೆ ಬೆಲೆಗೇ ಸಿಗುತ್ತೆ. ಟ್ಯಾಂಕಿನ ಕೆಳಗೆ ಡ್ರೈನ್ ಪ್ಲಗ್ ಇದ್ದರೆ ಅದೇ ಸುಲಭ. ವರ್ಷಗಟ್ಟಲೆ ಬಿಚ್ಚದ ಪ್ಲಗ್, ಜೋರು ಮಾಡಿದರೆ ಕತ್ತರಿಸಿ ಬರಬಹುದು, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಪದ್ಮಿನಿಯ ಟ್ಯಾಂಕ್ ಸುಮಾರು 38 ಲೀಟರಿನದು. ಅರ್ಧ ಅಂದರೆ ಇಪ್ಪತ್ತರ ಆಸುಪಾಸು ಹೊರಗೆ ಬರುತ್ತೆ. ಅದನ್ನು ಪ್ಲಾಸ್ಟಿಕ್ ಬಕೆಟ್, ನೀರಿನ ಬಿಂದಿಗೆಗೆ ಹಿಡಿಯಬೇಡಿ. ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಕ್ಯಾನ್ ತನ್ನಿ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಲೋಹದ ಕ್ಯಾನ್ 25 ಲೀಟರ್ ಮೀರಬಾರದು, ಗಾಜಿನದಾದರೆ ಒಂದು ಲೀಟರ್ ಮೀರಬಾರದು. ನಿಮ್ಮ ಲೆಕ್ಕ ಅದರೊಳಗೇ ಇದೆ.

ಕೊನೆಗೆ ಬರುವ ತಳದ ಪೆಟ್ರೋಲನ್ನು ಗಾಜಿನ ಚಿಕ್ಕ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿ. ಪಕ್ಕದಲ್ಲಿ ಹೊಸ ಪೆಟ್ರೋಲ್ ಇನ್ನೊಂದು ಬಾಟಲಿಯಲ್ಲಿ ಇರಲಿ. ಬಣ್ಣ ಸ್ವಲ್ಪ ಮಂಕಾಗಿದೆ, ಪೆಟ್ರೋಲ್ ವಾಸನೆ ಇನ್ನೂ ಉಳಿದಿದೆ ಅಂದರೆ ಟ್ಯಾಂಕ್ ಸುಲಭಕ್ಕೆ ಶುದ್ಧ ಆಗುತ್ತೆ. ಚಹಾ ಬಣ್ಣಕ್ಕೆ ತಿರುಗಿ ಹುಳಿ ಹುಳಿ ಘಾಟು ಬಂದರೆ ಟ್ಯಾಂಕ್ ಇಳಿಸಲೇಬೇಕು. ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಡಿ. ತಳದಲ್ಲಿ ಬೇರೆಯದೇ ಪದರ ನಿಂತರೆ ಅದು ನೀರು, ಜೊತೆಗೆ ಪೆಟ್ರೋಲಿಗೆ ಬೆರೆಸಿದ್ದ, ನೀರು ಎಳೆದುಕೊಂಡ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್). ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿಸುವುದು ಈ ಪದರವೇ. ಅರ್ಧ ಖಾಲಿ ಟ್ಯಾಂಕಿನಲ್ಲಿ ಮೇಲಿನ ಭಾಗಕ್ಕೂ ತುಕ್ಕು ಬಂದಿರುತ್ತೆ, ಟ್ಯಾಂಕಿನ ಬಾಯಿಂದ ಟಾರ್ಚ್ ಬಿಟ್ಟು ತಳ ಮಾತ್ರ ನೋಡಿ ಚೆನ್ನಾಗಿದೆ ಅಂತ ಸಮಾಧಾನಪಡಬೇಡಿ.

ಟ್ಯಾಂಕ್ ಶುದ್ಧ ಮಾಡುವುದನ್ನು ರೇಡಿಯೇಟರ್ ಅಂಗಡಿಯವರಿಗೆ ಕೊಡಿ ಅನ್ನುತ್ತೇನೆ. ಶಿವಮೊಗ್ಗದಲ್ಲಿ ಖಂಡಿತ ಸಿಗುತ್ತಾರೆ. ಒಳಗೆ ನಟ್ಟು ಬೋಲ್ಟು ಹಾಕಿ ಕುಲುಕುವುದು, ಫಾಸ್ಫಾರಿಕ್ ಆಮ್ಲ ಹಾಕಿ ತೊಳೆಯುವುದು ಮನೆಯಲ್ಲೂ ಮಾಡಬಹುದು. ಆದರೆ ತೂತು ಕಂಡರೆ ಮನೆಯಲ್ಲಿ ಬೆಸುಗೆ ಹಾಕಿಸಲು ಮಾತ್ರ ಹೋಗಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಒಳಗಿರುವುದು ಬರೀ ಆವಿ ಮತ್ತು ಗಾಳಿ, ಸಿಡಿಯಲು ಅಷ್ಟು ಸಾಕು.

ಟ್ಯಾಂಕಿನಿಂದ ಎಂಜಿನ್‌ವರೆಗಿನ ಪೈಪನ್ನು ಎರಡೂ ಕಡೆ ಬಿಚ್ಚಿ ಕಂಪ್ರೆಸರ್‌ನಿಂದ ಗಾಳಿ ಹೊಡೆಯಿರಿ. ರಬ್ಬರ್ ಪೈಪುಗಳನ್ನು ನೋಡುವುದೇ ಬೇಡ, ಎಲ್ಲಾ ಬದಲಿಸಿ. ಕೊಳ್ಳುವಾಗ ಎಥನಾಲ್ ತಡೆಯುವ ಪೈಪನ್ನೇ ಕೇಳಿ. ನಿಮ್ಮ ಗಾಡಿ ನಿಂತಾಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಕಡಿಮೆ ಇತ್ತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಬಿಡುಗಡೆ ಆಯ್ತು. ಈಗ ನೀವು ತುಂಬಿಸುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಅದು ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತೆ. ಟ್ಯಾಂಕಿನ ಗೋಡೆಗೆ ಅಂಟಿರುವ ಹಳೇ ಕೊಳೆಯನ್ನೂ ಬಿಡಿಸಿ ಕಾರ್ಬೊರೇಟರಿಗೆ ತಂದು ಸುರಿಯುತ್ತೆ. ಬೆರೆಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಎಂಜಿನ್ ಪಕ್ಕದಲ್ಲೇ ಇದೆ, ಒಳಗೆ ಡಯಾಫ್ರಂ ಅನ್ನುವ ತೆಳು ಪೊರೆ. ಅದು ಹರಿದಿದ್ದರೆ ಪೆಟ್ರೋಲ್ ಸದ್ದಿಲ್ಲದೆ ಎಂಜಿನ್ ಆಯಿಲಿಗೆ ಸೇರುತ್ತೆ. ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ ವಿಷಯ ಗೊತ್ತಾಯ್ತಲ್ಲ. ಹೇಗೂ ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಬೇಕು, ಪಂಪಿನ ಕಿಟ್ಟೂ ಜೊತೆಗೇ ಆಗಿಹೋಗಲಿ.

ಕಾರ್ಬೊರೇಟರ್ ಬಿಚ್ಚಿದರೆ, ಪೆಟ್ರೋಲ್ ನಿಲ್ಲುವ ಬೌಲಿನ ತಳದಲ್ಲಿ ಒಣಗಿದ ಹಸಿರು ಪುಡಿಯೋ ಕಂದು ಹಕ್ಕಳೆಯೋ ಕೂತಿರುತ್ತೆ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳನ್ನು ಬಿಚ್ಚಿ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಯಲು ಬಿಡಿ, ಆಮೇಲೆ ಗಾಳಿ ಹೊಡೆಯಿರಿ. ತಂತಿ ತೂರಿಸುವ ಮೆಕ್ಯಾನಿಕ್ ಸಿಕ್ಕರೆ ಕೈ ಹಿಡಿದು ನಿಲ್ಲಿಸಿ. ಜೆಟ್ ಹಿತ್ತಾಳೆಯದು, ತಂತಿಯಿಂದ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗಾಡಿ ಪೆಟ್ರೋಲ್ ಕುಡಿಯಲು ಶುರು ಮಾಡುತ್ತೆ, ಮೈಲೇಜ್ ಯಾಕೆ ಬರ್ತಿಲ್ಲ ಅಂತ ವರ್ಷಗಟ್ಟಲೆ ಹುಡುಕುತ್ತೀರಿ. ಬೌಲಿನಲ್ಲಿ ತೇಲುವ ಫ್ಲೋಟಿನ ಸೂಜಿ ಸರಾಗವಾಗಿ ಮೇಲೆ ಕೆಳಗೆ ಆಡಬೇಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಆಡುವ ಶಬ್ದ ಬಂದರೆ ಅದು ತೂತು.

ಇಷ್ಟಾದ ಮೇಲೆ ಎಂಜಿನ್. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ತಳ್ಳಿ, ಎಂಜಿನ್ ತಿರುಗುತ್ತಾ ನೋಡಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಟಪ್ಪೆಟ್ ಕವರ್ ತೆಗೆದಿಟ್ಟರೆ ಎಂಟೂ ವಾಲ್ವ್ ಒಂದೊಂದಾಗಿ ಇಳಿದು ಏಳುವುದು ಕಣ್ಣಿಗೇ ಕಾಣುತ್ತೆ. ಒಂದು ಏಳಲಿಲ್ಲ ಅಂದರೂ ಅಲ್ಲಿಗೇ ನಿಲ್ಲಿಸಿ.

ಮೊದಲ ಸಲ ಟ್ಯಾಂಕಿನಿಂದ ಓಡಿಸಬೇಡಿ. ಒಂದೆರಡು ಲೀಟರಿನ ಲೋಹದ ಕ್ಯಾನಿಗೆ ಹೊಸ ಪೆಟ್ರೋಲ್ ಹಾಕಿ ಗಾಡಿ ಪಕ್ಕ ನೆಲದ ಮೇಲೆ ಇಡಿ. ಪಂಪಿಗೆ ಬರುವ ಪೈಪನ್ನು ನಡುವೆ ಫಿಲ್ಟರ್ ಹಾಕಿ ಅದರೊಳಗೆ ಬಿಡಿ, ಪಂಪ್ ತಾನೇ ಎಳೆದುಕೊಳ್ಳುತ್ತೆ. ಬಾನೆಟ್ಟಿಗೆ ನೀರಿನ ಬಾಟಲಿ ಕಟ್ಟಿ ಪೈಪ್ ಇಳಿಬಿಡುವುದು ಗ್ಯಾರೇಜುಗಳಲ್ಲಿ ಮಾಮೂಲು. ಪೈಪ್ ಜಾರಿದರೆ ಪೆಟ್ರೋಲ್ ನೇರ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತೆ, ಹಾಗಾಗಿ ನನಗೆ ಅದು ಒಪ್ಪಿಗೆಯಿಲ್ಲ. ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದೂ ಬೇಡ, ಬ್ಯಾಕ್‌ಫೈರ್ ಆದರೆ ಮುಖದ ಮುಂದೆಯೇ ಬೆಂಕಿ.

ಇನ್ನು ಹೊರತೆಗೆದ ಹಳೇ ಪೆಟ್ರೋಲ್. ಹುತ್ತಕ್ಕೆ, ಕಳೆಗೆ, ಚರಂಡಿಗೆ ಸುರಿಯುವವರನ್ನು ನೋಡಿದ್ದೇನೆ. ತೋಟದ ಮನೆಯಲ್ಲಿ ಬಾವಿ ನೀರು ಕುಡಿಯುವವರು ಈ ಕೆಲಸ ಮಾಡಲೇಬಾರದು. ಒಲೆ ಹೊತ್ತಿಸಲೂ ಬಳಸಬೇಡಿ. ಬಣ್ಣ ಅಷ್ಟೇನೂ ಕೆಡದ, ನೀರಿಲ್ಲದ ಪೆಟ್ರೋಲಾದರೆ ಗ್ಯಾರೇಜಿನವರು ಪಾರ್ಟ್ಸ್ ತೊಳೆಯಲು ತಗೊಳ್ತಾರೆ. ಗೋಂದು ಕಟ್ಟಿದ್ದನ್ನು, ಹಳೇ ಆಯಿಲ್ ಸಂಗ್ರಹಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಕೊಡುವ ದೊಡ್ಡ ವರ್ಕ್‌ಶಾಪಿನಲ್ಲಿ ಕೇಳಿ ಕೊಡಿ.

ನೀವು ಇರುವುದು ಬೆಂಗಳೂರಿನಲ್ಲಿ, ಊರಿಗೆ ಹೋಗುವುದು ಹಬ್ಬಕ್ಕೆ ಮಾತ್ರ ಅಂದಿದ್ದೀರಿ. ಹಾಗಾದರೆ ರಿಪೇರಿ ಆದ ಮೇಲೂ ಒಂದು ಸಲಕ್ಕೆ ಐದಾರು ಲೀಟರಿಗಿಂತ ಜಾಸ್ತಿ ಹಾಕಿಸಬೇಡಿ, ಹೊರಡುವ ಮೊದಲು ಅದನ್ನು ಓಡಿಸಿ ಮುಗಿಸಿ. ಉಳಿದದ್ದನ್ನು ಇಳಿಸಿ ನಿಮ್ಮ ಬೇರೆ ಗಾಡಿಗೆ ಹಾಕಿಕೊಳ್ಳಿ. ಪಂಪಿನ ಪೈಪ್ ಬಿಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್ ಬೌಲೂ ಖಾಲಿಯಾಗುತ್ತೆ. ಖಾಲಿ ಟ್ಯಾಂಕಿಗೆ ನಿಮ್ಮ ಕಡೆಯ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತೆ. ಅದಕ್ಕೆ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಒಳಗೆ ಬಿಟ್ಟು ಎಲ್ಲಾ ಕಡೆ ತಾಗುವಂತೆ ಗಾಡಿಯನ್ನು ಅಲ್ಲಾಡಿಸಿ. ಬ್ಯಾಟರಿಯ ಟರ್ಮಿನಲ್ ಬಿಚ್ಚಿಟ್ಟು ಬನ್ನಿ.